ಹೆಸರು ಒಂದೇ, ಸೀಸೆ ಬೇರೆ

ಪ್ರಶ್ನೆ: ನನ್ನ ತಾಯಿಯವರಿಗೆ ಕಿಡ್ನಿ ತೊಂದರೆ ಇರುವುದರಿಂದ ವಾರಕ್ಕೆರಡು ಸಲ ಮೈಸೂರಿಗೆ ಕರೆದೊಯ್ದು ಡಯಾಲಿಸಿಸ್ ಮಾಡಿಸುತ್ತೇವೆ, ರಕ್ತ ಹೆಚ್ಚಲೆಂದು ಎರಿತ್ರೋಪೊಯೆಟಿನ್ ಇಂಜೆಕ್ಷನ್ ಕೊಡುತ್ತಾರೆ. ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುತ್ತಿರುವ ಮಗಳು ತಮ್ಮ ಪ್ರಯೋಗಾಲಯಕ್ಕೆ ಬಂದ ಸೀಸೆಯೊಂದರ ಫೋಟೊ ತೋರಿಸಿದಳು. ಅದರ ಮೇಲೂ ಅದೇ ಹೆಸರು, ಜೊತೆಗೆ ‘ರೀಕಾಂಬಿನೆಂಟ್ ಹ್ಯೂಮನ್’ ಎಂಬ ಮಾತು, ಕೆಳಗೆ ‘ಸಂಶೋಧನೆಗೆ ಮಾತ್ರ’ ಎಂಬ ಸೂಚನೆ. ಇದನ್ನು ಮನುಷ್ಯರ ದೇಹದಿಂದ ತೆಗೆಯುತ್ತಾರೆಯೇ? ಪ್ರೋಟೀನು ಒಂದೇ ಆದಮೇಲೆ ಅಮ್ಮನಿಗೇಕೆ ಕೊಡಬಾರದು?
— ಓದುಗರು, ಮಂಡ್ಯ

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಯಾವ ಕಾರಣಕ್ಕೂ ಕೊಡಬಾರದು. ಏಕೆಂಬುದು ತಿಳಿಯಬೇಕಾದರೆ ಆ ಸೀಸೆಯೊಳಗಿನದು ಎಲ್ಲಿಂದ ಬಂತೆಂಬುದನ್ನು ನೋಡಬೇಕು.

ಎರಿತ್ರೋಪೊಯೆಟಿನ್ ನಮ್ಮ ಕಿಡ್ನಿಯಲ್ಲಿ ಹುಟ್ಟಿ, ಮೂಳೆಮಜ್ಜೆಗೆ ಹೋಗಿ, ಕೆಂಪು ರಕ್ತಕಣಗಳನ್ನು ತಯಾರಿಸುವಂತೆ ಪ್ರಚೋದಿಸುವ ಹಾರ್ಮೋನು. ಕಿಡ್ನಿ ಸೋತವರಲ್ಲಿ ರಕ್ತಹೀನತೆ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಇದರ ಕೊರತೆಯಿಂದಲೇ. ಒಂದು ಕಾಲಕ್ಕೆ ಇದನ್ನು ಮನುಷ್ಯರಿಂದಲೇ ಪಡೆಯಬೇಕಾಗಿತ್ತು. 1977ರಲ್ಲಿ ಅಮೆರಿಕದ ವಿಜ್ಞಾನಿ ಗೋಲ್ಡ್‌ವಾಸರ್ ಮತ್ತು ಅವರ ಸಂಗಡಿಗರು ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದಾಗ, ತೀವ್ರ ರಕ್ತಹೀನತೆಯಿಂದ ಬಳಲುತ್ತಿದ್ದ ಜಪಾನಿನ ರೋಗಿಗಳ 2,550 ಲೀಟರ್ ಮೂತ್ರವನ್ನು ಸಂಗ್ರಹಿಸಬೇಕಾಯಿತು. ದಕ್ಕಿದ್ದು ಕೆಲವೇ ಮಿಲಿಗ್ರಾಂ. ಆ ರೋಗಿಗಳನ್ನು ನೆನೆದಾಗಲೆಲ್ಲ ನನ್ನಲ್ಲಿ ಕೃತಜ್ಞತೆ ಮೂಡುತ್ತದೆ. 1985ರಲ್ಲಿ ಇದರ ಜೀನನ್ನು ಪ್ರತ್ಯೇಕಿಸಿದ ಮೇಲೆ ಮನುಷ್ಯರ ಬಳಿಗೆ ಹೋಗುವ ಅಗತ್ಯವೇ ಉಳಿಯಲಿಲ್ಲ. ಆ ಜೀನನ್ನು ಬೇರೊಂದು ಜೀವಕೋಶಕ್ಕೆ ಸೇರಿಸಿದರೆ ಆ ಕೋಶವೇ ಪ್ರೋಟೀನನ್ನು ತಯಾರಿಸುತ್ತದೆ; ‘ರೀಕಾಂಬಿನೆಂಟ್’ ಎಂದರೆ ಹೀಗೆ ತಯಾರಾದದ್ದು. ಆದ್ದರಿಂದ ಚೀಟಿಯ ಮೇಲಿನ ‘ಹ್ಯೂಮನ್’ ಎಂಬುದು ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳು ಮನುಷ್ಯರಲ್ಲಿರುವ ಕ್ರಮದಲ್ಲೇ ಇವೆಯೆಂಬುದನ್ನು ತಿಳಿಸುತ್ತದೆಯೇ ಹೊರತು ಮನುಷ್ಯರಿಂದ ತೆಗೆದದ್ದೆಂದಲ್ಲ.

ಇಲ್ಲಿಯೇ ನಿಮ್ಮ ಪ್ರಶ್ನೆಯ ತಿರುಳಿದೆ. ಈ ಪ್ರೋಟೀನಿನ ತೂಕದಲ್ಲಿ ಸುಮಾರು ಶೇ. 40ರಷ್ಟು ಅದಕ್ಕೆ ಅಂಟಿಕೊಂಡಿರುವ ಸಕ್ಕರೆಯ ಸರಪಳಿಗಳದ್ದು. ಔಷಧಕ್ಕಾಗಿ ಇದನ್ನು ಸಾಮಾನ್ಯವಾಗಿ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಅಂಡಾಶಯದ ಕೋಶಗಳಲ್ಲಿ ಬೆಳೆಸುವುದು ಆ ಸರಪಳಿಗಳು ಸರಿಯಾಗಿ ಸೇರಲೆಂದು. ಸಂಶೋಧನೆಗೆಂದು ಬರುವ ಪ್ರೋಟೀನನ್ನು ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ ಬೆಳೆಸಿರಲೂಬಹುದು. ಹಾಗೆ ಬೆಳೆಸಿದರೆ ಅಮೈನೋ ಆಮ್ಲಗಳ ಸಾಲು ತಪ್ಪಿಲ್ಲದೆ ಬಂದರೂ ಸಕ್ಕರೆ ಸೇರುವುದಿಲ್ಲ. ಅಂಥ ಪ್ರೋಟೀನು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ನಡೆಸುವ ಎಷ್ಟೋ ಪರೀಕ್ಷೆಗಳಿಗೆ ಇದು ಸಾಕಾಗಬಹುದು, ಆದರೆ ತಾಯಿಯವರ ದೇಹಕ್ಕೆ ಸಾಲದು.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಇ. ಕೋಲಿಯ ಹೊರಪೊರೆಯಿಂದ ಬರುವ ಎಂಡೋಟಾಕ್ಸಿನ್ ಎಂಬ ವಿಷವಸ್ತು ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೆ ಸೇರಿದರೂ ಚಳಿಜ್ವರ ಬರಿಸಿ, ರಕ್ತದೊತ್ತಡವನ್ನು ಕುಸಿಯುವಂತೆ ಮಾಡಬಲ್ಲದು. ‘ಶೇ. 95ಕ್ಕಿಂತ ಹೆಚ್ಚು ಶುದ್ಧ’ ಎಂದು ಚೀಟಿಯಲ್ಲಿ ಬರೆದಿದ್ದರೆ ಸಂಶೋಧಕರಿಗೆ ಸಮಾಧಾನ. ರೋಗಿಯ ಮಟ್ಟಿಗೆ ಉಳಿದ ಐದು ಪಾಲು ಏನೆಂಬುದೇ ಮುಖ್ಯ. ಪರವಾನಗಿ ಪಡೆದ ಔಷಧದಲ್ಲಿಯೂ ಈ ಎಚ್ಚರ ತಪ್ಪುವಂತಿಲ್ಲ. 1998ರ ನಂತರ ಯುರೋಪಿನಲ್ಲಿ ಎರಿತ್ರೋಪೊಯೆಟಿನ್‌ನ ಒಂದು ತಯಾರಿಕೆಯಲ್ಲಿ ಪ್ರೋಟೀನನ್ನು ಕಾಪಾಡಲು ಬೆರೆಸುವ ವಸ್ತುವನ್ನು ಬದಲಾಯಿಸಿದ ಮೇಲೆ, ಕೆಲವು ರೋಗಿಗಳ ದೇಹ ಆ ಪ್ರೋಟೀನಿಗೇ ಪ್ರತಿಕಾಯಗಳನ್ನು ಬೆಳೆಸಿಕೊಂಡಿತು. ಅವು ದೇಹದ ಸ್ವಂತ ಎರಿತ್ರೋಪೊಯೆಟಿನ್ನನ್ನೂ ಬಿಡದೆ ತಡೆದು, ಕೆಂಪು ರಕ್ತಕಣಗಳ ಉತ್ಪತ್ತಿಯೇ ನಿಂತುಹೋಗುವಂತೆ ಮಾಡಿದವು. ಅಷ್ಟು ಪರೀಕ್ಷೆಗಳನ್ನು ದಾಟಿ ಬಂದ ಔಷಧದಲ್ಲೇ ಹೀಗಾಗಿರುವಾಗ, ಆ ಪರೀಕ್ಷೆಗಳಿಗೆ ಒಳಗಾಗದ ಸೀಸೆಯನ್ನು ನಂಬುವುದು ಹೇಗೆ? ಇಂಜೆಕ್ಷನ್ನಿನ ಖರ್ಚು ಭಾರವಾಗಿದ್ದರೆ ದಯವಿಟ್ಟು ಡಯಾಲಿಸಿಸ್ ಮಾಡುವ ವೈದ್ಯರಲ್ಲಿ ಸಂಕೋಚಪಡದೆ ಹೇಳಿಕೊಳ್ಳಿ.

ಪ್ರಶ್ನೆ: ನಮ್ಮ ಪ್ರಯೋಗಾಲಯಕ್ಕೆ ಬಂದ 10 ಮೈಕ್ರೋಗ್ರಾಂ ಪ್ರೋಟೀನಿನ ಸೀಸೆ ಖಾಲಿಯಾಗಿಯೇ ಕಾಣುತ್ತಿದೆ. ಹಿಂದಿರುಗಿಸಬೇಕೇ?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಬೇಡ. 10 ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನಲ್ಲಿ ಲಕ್ಷಕ್ಕೊಂದು ಪಾಲು. ಹೆಪ್ಪುಗಟ್ಟಿಸಿ ಒಣಗಿಸಿದ ಆ ಪುಡಿ ಗೋಡೆಗೋ ಮುಚ್ಚಳದ ಒಳಬದಿಗೋ ಕಣ್ಣಿಗೆ ಕಾಣದ ಪೊರೆಯಂತೆ ಹತ್ತಿಕೊಂಡಿರುತ್ತದೆ. ನಾನು ಸಂಶೋಧನೆ ಮಾಡುತ್ತಿದ್ದಾಗ ಇಂಥದೇ ಸೀಸೆಯನ್ನು ಬಂದ ಕೂಡಲೇ ತೆರೆದು, ಮುಚ್ಚಳವನ್ನು ಮೇಜಿನ ಮೇಲಿಟ್ಟು, ತಳಕ್ಕೆ ಮಾತ್ರ ದ್ರಾವಣ ಹಾಕಿದ್ದೆ. ಪ್ರೋಟೀನಿನ ಬಹುಪಾಲು ಮುಚ್ಚಳದಲ್ಲೇ ಉಳಿದು, ಎರಡು ವಾರಗಳ ಕೆಲಸ ಕೈಬಿಟ್ಟುಹೋಯಿತು. ಆದ್ದರಿಂದ ತೆರೆಯುವ ಮುನ್ನ ಸೀಸೆಯನ್ನು ಸೆಂಟ್ರಿಫ್ಯೂಜ್ ಎಂಬ ವೇಗವಾಗಿ ಸುತ್ತುವ ಯಂತ್ರದಲ್ಲಿ ಸ್ವಲ್ಪ ಹೊತ್ತು ತಿರುಗಿಸಿ, ಪುಡಿ ತಳಕ್ಕೆ ಇಳಿಯುತ್ತದೆ. ಜೊತೆಗೆ ಬಂದ ಹಾಳೆಯಲ್ಲಿ ಹೇಳಿದ ದ್ರಾವಣವನ್ನೇ, ಹೇಳಿದ ಅಳತೆಯಲ್ಲೇ ಹಾಕಿ. ಜೋರಾಗಿ ಕುಲುಕಬೇಡಿ, ನೊರೆ ಬಂದರೆ ಪ್ರೋಟೀನು ಕೆಡುತ್ತದೆ. ಕರಗಿದ ಮೇಲೆ ಒಂದೊಂದು ಪ್ರಯೋಗಕ್ಕೆ ಬೇಕಾದಷ್ಟನ್ನು ಚಿಕ್ಕ ಟ್ಯೂಬುಗಳಿಗೆ ಹಂಚಿ, ದಿನಾಂಕ ಬರೆದು, ಹಾಳೆಯಲ್ಲಿ ಹೇಳಿದ ತಾಪಮಾನದ ಫ್ರೀಜರಿನಲ್ಲಿಡಿ; ಹೊರತೆಗೆದು ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.