ಪ್ರತಿಕ್ರಿಯೆ: ಖರ್ದುಂಗ್ ಲಾದಲ್ಲಿ ಕಾರು ಎಳೆಯದಿದ್ದರೆ
ಲಡಾಖಿನ ಖರ್ದುಂಗ್ ಲಾ ಎಂಬ ಬೆಟ್ಟದ ದಾರಿ ಹತ್ತುವಾಗ ನಿಮ್ಮ 1.2 ಲೀಟರ್ ಪೆಟ್ರೋಲ್ ಕಾರು ಸೆಕೆಂಡ್ ಗೇರಲ್ಲಿ ಎಳೆಯಲೇ ಇಲ್ಲ, ಎಂಜಿನ್ ಕೆಟ್ಟಿತಾ ಅಂತ ಕೇಳಿದ್ದೀರಿ. ಸುಮ್ನೆ ಗಾಬರಿಯಾಗಬೇಡಿ. ಅಲ್ಲಿನ ಎತ್ತರ ಸುಮಾರು 5,360 ಮೀಟರ್. ಗಾಳಿಯ ಒತ್ತಡ ಸಮುದ್ರಮಟ್ಟದ ಹೆಚ್ಚುಕಡಿಮೆ ಅರ್ಧ, ಅಂದರೆ ಸಿಲಿಂಡರ್‌ಗೆ ಹೋಗುವ ಆಮ್ಲಜನಕವೂ ಅರ್ಧ. ಅದಕ್ಕೆ ತಕ್ಕಂತೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲನ್ನೂ ಇಳಿಸುತ್ತದೆ. 80 ಕುದುರೆ ಶಕ್ತಿ (ಎಚ್‌ಪಿ) ಇದ್ದದ್ದು 40ರ ಆಸುಪಾಸಿಗೆ ಬರುತ್ತದೆ. ಬೆಂಗಳೂರಲ್ಲೇ 900 ಮೀಟರ್ ಎತ್ತರಕ್ಕೆ ಹತ್ತರಲ್ಲೊಂದು ಪಾಲು ಶಕ್ತಿ ಹೋಗಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ ಅಲ್ವಾ! ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಫ್ಯಾನ್) ಇರುವ ಗಾಡಿಗೆ ಇಷ್ಟು ಹೊಡೆತ ಬೀಳುವುದಿಲ್ಲ. ಆದರೆ ಟರ್ಬೊ ಜೋರಾಗಿ ತಿರುಗುವ ತನಕ ಅದೂ ಮಂಕೇ.

ಎಸಿ ಆಫ್ ಮಾಡಿ, ಫಸ್ಟ್ ಗೇರಲ್ಲೇ ಆರ್‌ಪಿಎಂ ಜಾಸ್ತಿ ಇಟ್ಟು ಹತ್ತಿ. ಅರ್ಧ ಕ್ಲಚ್ಚಲ್ಲಿ ಎಳೆದರೆ ಸುಟ್ಟ ವಾಸನೆ ಗ್ಯಾರಂಟಿ. ಊರಿಗೆ ಬಂದ ಮೇಲೂ ಹಾಗೇ ಇದ್ದರೆ ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ, ಲಡಾಖಿನ ಧೂಳು ಕೂತಿರಬಹುದು.