ಮಗನ ಚಿಂತೆ ಮಗನಿಗೇ ಬಿಡಿ

ತೊಗರಿ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಕಲಬುರಗಿಯ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಇಂಥ ತಂದೆ-ತಾಯಿ ಜಾಸ್ತಿ ಬರುತ್ತಾರೆ. ಮಗ ಎಂಜಿನಿಯರಿಂಗ್, ನಾಲ್ಕೈದು ಬ್ಯಾಕ್, ಅಂದರೆ ಫೇಲಾಗಿ ಉಳಿದ ವಿಷಯ. "ಹುಡುಗ ಶಾಣ್ಯಾ ಇದ್ದಾನ್ರಿ ಮೇಡಂ, ಸ್ವಲ್ಪ ಜವಾಬ್ದಾರಿ ಕಲಿಸ್ರಿ" ಅನ್ನುತ್ತಾರೆ.

ಅಂಥ ಒಂದು ಮನೆಯವರು ಸೇಡಂ ಕಡೆಯವರು ಅಂತಿಟ್ಟುಕೊಳ್ಳಿ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ತಂದೆ ಮಾಸ್ತರು. ಮಗ ಎರಡನೇ ವರ್ಷ, ಇಲ್ಲೇ ರೂಮು ಮಾಡಿಕೊಂಡಿದ್ದಾನೆ.

ಮೊದಲು ಹುಡುಗನೊಬ್ಬನನ್ನೇ ಕೂರಿಸಿಕೊಂಡೆ. ನಿದ್ದೆ, ಊಟ, ಕುಡಿತ, ಮೊಬೈಲ್ ಬೆಟ್ಟಿಂಗ್ ಎಲ್ಲ ಕೇಳಿದೆ. ಸಾಯುವ ಯೋಚನೆ ಬರುತ್ತದಾ ಅಂತಲೂ ನೇರವಾಗಿ ಕೇಳಿದೆ. ಅಂಥದ್ದೇನೂ ಇರಲಿಲ್ಲ. ಇಷ್ಟು ಕೇಳದೆ ಯಾರಿಗೂ ಜವಾಬ್ದಾರಿಯ ಪಾಠ ಹೇಳಬಾರದು. ಖಿನ್ನತೆಯಿಂದ ಹಾಸಿಗೆ ಬಿಟ್ಟೇಳಲಾಗದ ಹುಡುಗನಿಗೆ ಡಾಕ್ಟರ್ ಬೇಕು, ಬೈಗುಳ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ದುಡ್ಡಿಲ್ಲದೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಸಲ ಮೂವರೂ ಬಂದರು. "ಹಾಜರಿ ಎಷ್ಟಿದೆಯಪ್ಪ?" ಅಂತ ಹುಡುಗನನ್ನು ಕೇಳಿದೆ. ಅವನು ತಾಯಿಯ ಮುಖ ನೋಡಿದ. ತಾಯಿ ಪರ್ಸ್‌ನಿಂದ ಮಡಚಿದ ಚೀಟಿ ತೆಗೆದರು. ಯಾವ ವಿಷಯಕ್ಕೆ ಎಷ್ಟು, ಎಂಜಿನಿಯರಿಂಗ್ ವಿಶ್ವವಿದ್ಯಾಲಯ ವಿಟಿಯು ಕೇಳುವ ಶೇ 85ಕ್ಕೆ ಎಷ್ಟು ಕಡಿಮೆ, ಪರೀಕ್ಷಾ ಶುಲ್ಕದ ಕೊನೇ ದಿನ ಯಾವುದು, ಎಲ್ಲ ಅದರಲ್ಲಿತ್ತು. ಕಾಲೇಜಿನ ಲಾಗಿನ್ ಪಾಸ್‌ವರ್ಡೂ ಅವರ ಹತ್ತಿರವೇ. ಬೆಳಿಗ್ಗೆ ಊರಿಂದ ಫೋನ್ ಮಾಡಿ ಎಬ್ಬಿಸುವವರೂ ಅವರೇ.

"ಇಷ್ಟು ಬ್ಯಾಕ್ ಆಗಿವೆ, ನಿನಗೆ ಚಿಂತೆ ಇಲ್ವಾ?" ಅಂದೆ.

ಹುಡುಗ ಒರಟಾಗೇನೂ ಮಾತಾಡಲಿಲ್ಲ. "ಚಿಂತಿ ಎಲ್ಲಾ ಅವ್ವನೇ ಮಾಡ್ತಾಳ್ರಿ. ನನಗ ಮಾಡ್ಲಿಕ್ಕಿ ಏನ್ ಉಳದದ್ರಿ?" ಅಂದ.

ತಾಯಿ ಅತ್ತುಬಿಟ್ಟರು. ತಂದೆಗೆ ಸಿಟ್ಟು ಬಂತು. ನನಗೆ ಮಾತ್ರ ಅವನು ಉದ್ಧಟ ಅನ್ನಿಸಲಿಲ್ಲ. ಆ ಮನೆಯಲ್ಲಿ ಅಷ್ಟು ಸರಿಯಾಗಿ ಲೆಕ್ಕ ಹೇಳಿದವನು ಅವನೊಬ್ಬನೇ.

ಆಮೇಲೆ ತಂದೆ ದನಿ ತಗ್ಗಿಸಿ, ಪರಿಚಯದ ಡಾಕ್ಟರಿಂದ ಮೆಡಿಕಲ್ ಸರ್ಟಿಫಿಕೇಟ್ ಬರೆಸಿದ್ದೇವೆ, ಹಾಜರಿ ಕೊರತೆ ಸರಿಹೋಗುತ್ತದೆ ಅಂದರು. ಅದನ್ನು ಕೊಡಬೇಡಿ ಅಂದೆ. ಇದಕ್ಕೇ ಅವರ ಮನೆಕಡೆಯವರು ನನ್ನ ಮೇಲೆ ಇವತ್ತಿಗೂ ಮುನಿಸಿಕೊಂಡಿದ್ದಾರೆ. "ಎಂಥ ಮೇಡಂ ಅದಾಳ, ಹುಡುಗನ ವರ್ಷ ಹಾಳಾಗ್ಲಿ ಅಂತಾಳ" ಅಂದರಂತೆ. ಅನ್ನಲಿ. ಇಲ್ಲದ ಜ್ವರವನ್ನು ಅಪ್ಪನೇ ತಂದುಕೊಟ್ಟರೆ, ನಾಳೆ ಕೆಲಸಕ್ಕೆ ಸೇರಿದ ಮೇಲೂ ಮಗ ಅಂಥದ್ದೇ ಜ್ವರ ಹುಡುಕುತ್ತಾನೆ. ಎರಡನೇ ವರ್ಷದಲ್ಲಿ ಎಡವಿದರೆ ಎದ್ದು ನಿಲ್ಲಲು ಸಮಯ ಇರುತ್ತದೆ. ಮದುವೆ, ಸಾಲ ಎಲ್ಲ ಆದ ಮೇಲೆ ಎಡವಿದರೆ ಅವನ ಜೊತೆ ಇನ್ನೂ ನಾಲ್ಕು ಜನ ಬೀಳುತ್ತಾರೆ.

ನಾನು ಹೇಳಿದ್ದು ಇಷ್ಟೇ. ಪಾಸ್‌ವರ್ಡ್ ಬದಲಿಸಿ ಅವನೇ ಇಟ್ಟುಕೊಳ್ಳಲಿ. ತಿಂಗಳ ಮೊದಲಿಗೆ ರೂಮು, ಊಟ, ಫೀಸು ಎಲ್ಲ ಸೇರಿಸಿ ಒಂದೇ ಸಲ ದುಡ್ಡು ಕೊಡಿ, ನಡುವೆ ಫೋನ್‌ಪೇ ಮಾಡಬೇಡಿ. ಎಚ್‌ಒಡಿ, ಅಂದರೆ ವಿಭಾಗದ ಮುಖ್ಯಸ್ಥರ ಹತ್ತಿರ ಅವನೇ ಹೋಗಿ ಮಾತಾಡಲಿ. ದಂಡ ಬಿದ್ದರೆ ಅವನ ಖರ್ಚಿನಲ್ಲೇ ಹೋಗಲಿ. ಹೊಟ್ಟೆಗೆ, ಆಸ್ಪತ್ರೆಗೆ ಮಾತ್ರ ಯಾವಾಗಲೂ ನೀವಿರಬೇಕು. ಸುಮ್ನೆ ಕೈಬಿಟ್ಟರೆ ಹುಡುಗನಿಗೆ ಅದು ಶಿಕ್ಷೆ ಅನ್ನಿಸುತ್ತದೆ. ಇವತ್ತಿಂದ ಇದು ನಿನ್ನ ಕೆಲಸ ಅಂತ ಎದುರಿಗೆ ಕೂರಿಸಿಕೊಂಡು ಹೇಳಿ ಬಿಡಬೇಕು.

ಹಾಜರಿ ಸಾಲದೆ ಆ ಸೆಮಿಸ್ಟರ್‌ನ ಎರಡು ವಿಷಯದ ಪರೀಕ್ಷೆಗೆ ಅವನು ಕೂರಲಾಗಲಿಲ್ಲ. ಶುಲ್ಕದ ದಿನವನ್ನೂ ತಪ್ಪಿಸಿಕೊಂಡು, ದಂಡ ಕಟ್ಟಲು ಗೆಳೆಯನ ಹತ್ತಿರ ಸಾಲ ಮಾಡಿದ. ಆದರೆ ಅದನ್ನು ತೀರಿಸಿದ್ದು ಅವನೇ. ಹಳೇ ಬ್ಯಾಕ್‌ಗಳಲ್ಲಿ ಕೆಲವು ತೆಗೆದಿದ್ದಾನೆ, ಕೆಲವು ಇನ್ನೂ ಇವೆ.

ತಾಯಿಗೇ ಜಾಸ್ತಿ ಕಷ್ಟ. ಮೊನ್ನೆಯೂ ಫೋನ್ ಮಾಡಿ, "ಮುಂಜಾನೆ ಒಂದ್ ಸಲ ಫೋನ್ ಮಾಡ್ಲೇನ್ರಿ ಮೇಡಂ?" ಅಂತ ಕೇಳಿದರು. ಮಾಡಿ, ಆದರೆ ರಾತ್ರಿ ಮಾಡಿ ಅಂದೆ. ಊಟ ಏನು ಮಾಡಿದೆ ಅಂತ ಕೇಳಿ, ಹಾಜರಿ ಮಾತು ಅವನಾಗೇ ತೆಗೆದರೆ ಮಾತ್ರ ಮಾತಾಡಿ.