ನಗರಸಭೆಯ ಉದ್ಯಾನ ಯಾರ್ಡ್ ಮತ್ತು ನರ್ಸರಿಯನ್ನು ಹೊಸದಾಗಿ ರೂಪಿಸಬೇಕು, ಅರ್ಧ ಜಾಗ ಖಾಲಿ ಇದೆ. ಅಲ್ಲಿ ಏನು ಕಟ್ಟಬಹುದು?

‘ಎರಡು ಎಕರೆಯಲ್ಲಿ ಅರ್ಧ ಜಾಗ ಸುಮ್ನೆ ಖಾಲಿ ಬಿದ್ದಿದೆ’ ಅಂತ ಬರೆದಿದ್ದೀರಲ್ಲ, ಹನ್ನೊಂದು ವರ್ಷದ ಹಿಂದೆ ನಾನು ಬರೆದ ವರದಿಯಲ್ಲೂ ಹೆಚ್ಚುಕಮ್ಮಿ ಇದೇ ಸಾಲಿತ್ತು. ಆ ಸಾಲು ತಪ್ಪಾಗಿತ್ತು. ಗಾಡಿ ಶೆಡ್ ಕಟ್ಟೋದಾ, ಆಫೀಸು ಕಟ್ಟೋದಾ ಅಂತ ನೀವು ಕೇಳಿದ್ದೀರಿ. ಆ ಜಾಗ ಖಾಲಿ ಇದೆ ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಆಗ ನಾನು ಒಂದು ಸಲಹಾ ಸಂಸ್ಥೆಯಲ್ಲಿ ಸಿವಿಲ್ ಎಂಜಿನಿಯರ್ ಆಗಿದ್ದೆ. ಬಯಲುಸೀಮೆಯ ಒಂದು ಊರಿನ ಉದ್ಯಾನ ವಿಭಾಗದ ಯಾರ್ಡಿನ ಕೆಲಸ ನಮಗೆ ಬಂತು. ಒಂದು ಕಡೆ ಟ್ರ್ಯಾಕ್ಟರ್, ನೀರಿನ ಟ್ಯಾಂಕರ್, ಹುಲ್ಲು ಕತ್ತರಿಸುವ ಮಷಿನ್, ಮುರಿದ ಬೆಂಚುಗಳು, ತುಕ್ಕು ಹಿಡಿದ ಜಾರುಬಂಡೆ. ಇನ್ನೊಂದು ಕಡೆ ನರ್ಸರಿ. ಎರಡರ ನಡುವೆ ಹಳೇ ಹುಣಸೆಮರ. ಅದರ ಕೆಳಗೆ ಕೂತು ಐದಾರು ಜನ ಅಕ್ಕಂದಿರು ತೆಂಗಿನ ಚಿಪ್ಪಿನಲ್ಲಿ ಮಣ್ಣು ಮೊಗೆದು ಪಾಲಿಥೀನ್ ಚೀಲಕ್ಕೆ ತುಂಬುತ್ತಿದ್ದರು.

ನಾನು ಅಳತೆಗೆ ಹೋದದ್ದು ಸೆಪ್ಟೆಂಬರಿನಲ್ಲಿ, ಗಣೇಶನ ಹಬ್ಬ ಮುಗಿದ ವಾರ. ಮೂರು ದಿನ ಇದ್ದೆ. ಟೇಪು ಹಿಡಿದು ಒಂದೊಂದು ಮಡಿಯನ್ನೂ ಅಳೆದೆ. ಸಸಿ ಇರುವ ಮಡಿಗೆ ನಕ್ಷೆಯಲ್ಲಿ ಹಸಿರು ಬಣ್ಣ, ಬರೀ ನೆಲಕ್ಕೆ ಹಳದಿ. ಮೂರನೇ ದಿನ ಸಂಜೆ ನೋಡಿದರೆ ನರ್ಸರಿಯ ಮುಕ್ಕಾಲು ಭಾಗ ಹಳದಿ. ಇಷ್ಟು ಜಾಗ ಪೋಲಾಗ್ತಿದೆಯಲ್ಲ ಅನ್ನಿಸಿತು. ಗಾಡಿ ಶೆಡ್, ಸ್ಟೋರು, ಆಫೀಸು, ಪೇವರ್ ಹಾಸಿದ ಅಂಗಳ, ಎಲ್ಲವನ್ನೂ ಆ ಹಳದಿಯಲ್ಲೇ ಕೂರಿಸಿದೆ. ನಕ್ಷೆ ಅಚ್ಚುಕಟ್ಟಾಗಿ ಬಂತು. ನೋಡಿದವರೆಲ್ಲ ಒಪ್ಪಿದರು.

ಒಬ್ಬರು ಮಾತ್ರ ಒಂದು ಪ್ರಶ್ನೆ ಕೇಳಿದರು. ಅಲ್ಲಿನ ಹಿರಿಯ ಮಾಲಿ, ಎಲ್ಲರೂ ಅಜ್ಜ ಅಂತಲೇ ಕರೆಯುತ್ತಿದ್ದರು. ನಕ್ಷೆಯನ್ನು ಹುಣಸೆಮರದ ಕೆಳಗೆ ಹಾಸಿ ತೋರಿಸಿದಾಗ ಅವರು ಬಗ್ಗಿ ನೋಡಿದರು. ಕೈಯೆಲ್ಲ ಕೆಂಪು ಮಣ್ಣು. ಹಾಳೆಗೆ ತಾಗದ ಹಾಗೆ ಬೆರಳನ್ನು ಸ್ವಲ್ಪ ಮೇಲೆ ಹಿಡಿದು, ‘ಮೇಡಂ, ತಿರುಗ್ಸೋಕೆ ಜಾಗ ಎಲ್ಲೈತೆ?’ ಅಂದರು. ನಾನು ಟ್ರ್ಯಾಕ್ಟರ್ ಬಗ್ಗೆ ಕೇಳುತ್ತಿದ್ದಾರೆ ಅಂದುಕೊಂಡೆ. ‘ಇಲ್ಲಿ ನೋಡಿ ಅಜ್ಜ, ಟ್ರೈಲರ್ ಸಮೇತ ಆರಾಮಾಗಿ ತಿರುಗುತ್ತೆ’ ಅಂತ ಅಂಗಳದ ವೃತ್ತ ತೋರಿಸಿದೆ. ಅವರು ಇನ್ನೊಂದು ಗಳಿಗೆ ನೋಡಿ, ‘ಹೂಂ ಮೇಡಂ’ ಅಂತ ಹೇಳಿ ಎದ್ದುಹೋದರು.

ಅವರು ಕೇಳಿದ್ದು ಟ್ರ್ಯಾಕ್ಟರ್ ಬಗ್ಗೆ ಅಲ್ಲ, ಸಸಿಗಳ ಬಗ್ಗೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಎಲ್ಲ ಹಾಳಾದದ್ದು ಇಲ್ಲೇ.

ಚೀಲದ ತಳದಲ್ಲಿ ನೀರು ಬಸಿಯಲು ತೂತುಗಳಿರುತ್ತವೆ. ಹೊಂಗೆ, ಬೇವು, ನೇರಳೆಯಂಥ ಮರಗಳ ತಾಯಿಬೇರು ಆ ತೂತಿನಿಂದ ಹೊರಬಂದು ನೆಲಕ್ಕೆ ಇಳಿಯುತ್ತದೆ. ಇಳಿಯಲು ಬಿಟ್ಟರೆ ಸಸಿ ಚೀಲದ ಮಣ್ಣನ್ನು ನಂಬುವುದಿಲ್ಲ, ಕೆಳಗಿನ ನೆಲದಲ್ಲೇ ಊಟ ಹುಡುಕುತ್ತದೆ. ಅದಕ್ಕೇ ಎರಡು ಮೂರು ತಿಂಗಳಿಗೊಮ್ಮೆ ಪ್ರತಿ ಚೀಲವನ್ನೂ ಎತ್ತಿ, ಹೊರಬಂದ ಬೇರು ಇನ್ನೂ ಎಳೆಯದಾಗಿರುವಾಗಲೇ ಕತ್ತರಿಸಿ, ಪಕ್ಕದ ಖಾಲಿ ಮಡಿಯಲ್ಲಿ ಜೋಡಿಸುತ್ತಾರೆ. ಎತ್ತರದವು ಒಂದು ಕಡೆ, ಗಿಡ್ಡದವು ಒಂದು ಕಡೆ. ಆಗ ಚೀಲದ ಒಳಗೇ ಸಣ್ಣ ಬೇರು ದಟ್ಟವಾಗಿ ಬೆಳೆಯುತ್ತದೆ. ಕಳೆ ತೆಗೆಯುವುದೂ, ಸತ್ತದ್ದನ್ನು ಆರಿಸುವುದೂ ಆಗಲೇ. ನರ್ಸರಿಗಳಲ್ಲಿ ಇದನ್ನು ಶಿಫ್ಟಿಂಗ್ ಅನ್ನುತ್ತಾರೆ. ಅಜ್ಜನ ಬಾಯಲ್ಲಿ ಅದು ‘ತಿರುಗ್ಸೋದು’.

ಪಕ್ಕದಲ್ಲಿ ಖಾಲಿ ಮಡಿ ಇಲ್ಲದಿದ್ದರೆ ಈ ಕೆಲಸ ಆಗುವುದೇ ಇಲ್ಲ. ನಾನು ಹಳದಿ ಬಳಿದದ್ದು ಅಂಥ ಮಡಿಗಳಿಗೆ.

ಎರಡನೆಯದು, ತಿಂಗಳು. ಬಲಿತ ಸಸಿಗಳೆಲ್ಲ ಜೂನ್, ಜುಲೈನಲ್ಲಿ ನೆಡಲು ಹೊರಟುಹೋಗಿರುತ್ತವೆ. ಸೆಪ್ಟೆಂಬರಿನಲ್ಲಿ ಉಳಿಯುವುದು ಸಣ್ಣ ಚೀಲದ ಮರಿಗಳು. ಅಂದರೆ ವರ್ಷದಲ್ಲಿ ನರ್ಸರಿ ಅತಿ ಕಡಿಮೆ ಜಾಗ ತಿನ್ನುವ ಹೊತ್ತಿಗೆ ಸರಿಯಾಗಿ ನಾನು ಟೇಪು ಹಿಡಿದಿದ್ದೆ. ಲೆಕ್ಕ ನೀವೇ ಹಾಕಿ ನೋಡಿ. 5x8 ಇಂಚಿನ ಚೀಲಕ್ಕೆ ಮಣ್ಣು ತುಂಬಿದರೆ ಅದರ ವ್ಯಾಸ ಸುಮಾರು 8 ಸೆಂಟಿಮೀಟರ್. ಒತ್ತಿ ಇಟ್ಟರೆ ಒಂದು ಚದರ ಮೀಟರಿಗೆ 150 ಕೂರುತ್ತವೆ. 6,000 ಸಸಿಗೆ 40 ಚದರ ಮೀಟರ್ ಸಾಕು. ಅವೇ ಸಸಿಗಳು ಮುಂದೆ 14x20ರ ಚೀಲಕ್ಕೆ ಹೋದಾಗ ವ್ಯಾಸ 22, 23 ಸೆಂಟಿಮೀಟರ್. ಒಂದು ಚದರ ಮೀಟರಿಗೆ 19 ಕೂರಿಸಬಹುದು ಅಷ್ಟೇ. ಅದೇ 6,000ಕ್ಕೆ 300 ಚದರ ಮೀಟರ್ ಮೀರುತ್ತದೆ. ಎಲೆ ಹರಡಲು, ಓಡಾಡಲು, ತಿರುಗಿಸಲು ಜಾಗ ಸೇರಿಸಿದರೆ ಅದರ ದುಪ್ಪಟ್ಟು. ರಸ್ತೆ ಬದಿಗೆ ನೆಡುವ ಆಳೆತ್ತರದ ಸಸಿ ತಯಾರಾಗಲು ಎರಡು ವರ್ಷ ಬೇಕು. ಹಾಗಾಗಿ ಈ ವರ್ಷದ್ದು, ಹೋದ ವರ್ಷದ್ದು ಎರಡೂ ಒಟ್ಟಿಗೆ ನೆಲದ ಮೇಲಿರುತ್ತವೆ.

ಟೆಂಡರ್ ಆಗಿ, ಕಟ್ಟಿ ಮುಗಿಸುವಾಗ ಮರುವರ್ಷದ ಡಿಸೆಂಬರ್ ಆಯಿತು. ಫೆಬ್ರವರಿಯಲ್ಲಿ ಸಸಿಗಳು ದೊಡ್ಡ ಚೀಲಕ್ಕೆ ಬಂದವು. ಇಡಲು ಜಾಗವಿಲ್ಲ. ಒಂದಕ್ಕೊಂದು ಅಂಟಿಸಿ ಇಟ್ಟರು. ಬೆಳಕಿಗೆ ಪೈಪೋಟಿಯಾಗಿ ಸಸಿಗಳು ಉದ್ದಕ್ಕೆ ಸಣಕಲಾಗಿ ಏರಿದವು, ಕಾಂಡ ಪೆನ್ಸಿಲ್ ದಪ್ಪವೂ ಆಗಲಿಲ್ಲ. ನಾಲ್ಕು ತಿಂಗಳಲ್ಲಿ ಒಂದು ಸಲವೂ ತಿರುಗಿಸಲು ಆಗಲಿಲ್ಲ.

ಜೂನ್ ಮೊದಲ ವಾರ, ಪರಿಸರ ದಿನಕ್ಕೆ ಸಸಿ ಕಳಿಸುವ ದಿನ, ನಾನು ಅಲ್ಲೇ ಇದ್ದೆ. ಚೀಲ ಎತ್ತಿದರೆ ಬರುತ್ತಿಲ್ಲ. ಇಬ್ಬರು ಹಿಡಿದು ಎಳೆದರು. ಕೆಳಗಿನಿಂದ ಪಟ್ ಅಂತ ಸದ್ದು. ಅಜ್ಜ ಚೀಲವನ್ನು ತಿರುವಿ ನನಗೆ ತೋರಿಸಿದರು. ಬಲಿತ ತಾಯಿಬೇರು ತುಂಡಾಗಿ ಬಿಳಿಯಾಗಿ ಕಾಣುತ್ತಿತ್ತು. ಹಸಿ ವಾಸನೆ. ಅವರು ಏನೂ ಹೇಳಲಿಲ್ಲ. ಮುಂದಿನ ಚೀಲಕ್ಕೂ ಅದೇ ಸದ್ದು, ಅದರ ಮುಂದಿನದಕ್ಕೂ ಅದೇ. ಆ ಮಳೆಗಾಲ ಊರಿನ ವರ್ತುಲ ರಸ್ತೆಗೆ ನೆಟ್ಟ ಹೊಂಗೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಒಣಗಿದವು. ಮಳೆ ಚೆನ್ನಾಗೇ ಆಗಿತ್ತು. ‘ಜನ ನೀರು ಹಾಕಲಿಲ್ಲ’ ಅಂತ ಕೆಲವರು ಅಂದರು. ಕಾರಣ ನನ್ನ ನಕ್ಷೆ ಅಂತ ನನಗೆ ಗೊತ್ತಿತ್ತು.

ಆದ್ದರಿಂದ ನನ್ನ ಸಲಹೆ ಇದು. ನಕ್ಷೆಗೆ ಮೊದಲು ತಿಂಗಳ ಪಟ್ಟಿ ಮಾಡಿ. ಬೆಂಗಳೂರಿನ ಬೀದಿಗಳಲ್ಲಿ ಒಂದಾದ ಮೇಲೊಂದು ಜಾತಿಯ ಮರ ಹೂ ಬಿಡುವಂತೆ ನೆಡಿಸಿದ, ಹಿಂದೆ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಊರನ್ನು ತಿಂಗಳ ಲೆಕ್ಕದಲ್ಲಿ ನೋಡಿದವರು. ನರ್ಸರಿಯನ್ನಂತೂ ಬೇರೆ ಥರ ನೋಡಲು ಬರುವುದೇ ಇಲ್ಲ. ಬೇವಿನ ಹಣ್ಣು ಮಳೆಗಾಲದ ಶುರುವಿಗೆ ಬೀಳುತ್ತದೆ, ಬೀಜ ಕೆಲವೇ ವಾರದಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ನೇರಳೆಯದೂ ಹಾಗೇ. ಅಂದರೆ ದೊಡ್ಡ ಸಸಿ ಗಾಡಿ ಹತ್ತುತ್ತಿರುವಾಗಲೇ ಹೊಸ ಬಿತ್ತನೆಗೆ ಮಡಿ ಸಿದ್ಧ ಇರಬೇಕು. ಜನವರಿ 26ಕ್ಕೆ ಹೂವಿನ ಕುಂಡ ಬೇಕಾದರೆ ಬಿತ್ತನೆ ಅಕ್ಟೋಬರ್, ನವೆಂಬರ್‌ನಲ್ಲಿ.

ಒಂದು ವರ್ಷ ಕಾಯಲು ಆಗುವುದಾದರೆ ಪ್ರತಿ ತಿಂಗಳ 5ನೇ ತಾರೀಕು ಒಂದೇ ಜಾಗದಲ್ಲಿ ನಿಂತು ಒಂದು ಫೋಟೋ ತೆಗೆಯಿರಿ. ಅಷ್ಟು ಕಾಲ ಇಲ್ಲ ಅಂದರೆ ಮೂರು ವರ್ಷದ ಸ್ಟಾಕ್ ರಿಜಿಸ್ಟರ್ ತೆಗೆಸಿ, ಯಾವ ತಿಂಗಳು ಯಾವ ಅಳತೆಯ ಚೀಲ ಎಷ್ಟಿತ್ತು ಅಂತ ಬರೆದುಕೊಳ್ಳಿ. ಜಾಗದ ಲೆಕ್ಕವನ್ನು ಮೇ ತಿಂಗಳಿಗೆ ಹಾಕಿ. ಸರಾಸರಿ ಬೇಡವೇ ಬೇಡ.

ಮೇ ಅಂತ ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ ಗಾಳಿಮಳೆಗೆ ಕೊಂಬೆ ಮುರಿದು ಬೀಳುತ್ತವೆ. ಒಂದೇ ರಾತ್ರಿಗೆ ಹತ್ತು ಟ್ರೈಲರ್ ಕೊಂಬೆ ಯಾರ್ಡಿಗೆ ಬರುತ್ತದೆ. ನರ್ಸರಿ ತುಂಬಿ ತುಳುಕುವ ವಾರವೂ ಅದೇ. ‘ಇದ್ದೇ ಇದೆಯಲ್ಲ ಖಾಲಿ ಜಾಗ’ ಅಂತ ಎರಡು ಕೆಲಸಕ್ಕೂ ಒಂದೇ ನೆಲ ತೋರಿಸುವವರು ಇರುತ್ತಾರೆ, ಒಪ್ಪಬೇಡಿ. ಕೊಂಬೆ ರಾಶಿಗೆ ಗೇಟಿನ ಹತ್ತಿರ, ಮಡಿಗಳಿಂದ ದೂರ, ಇಳಿಜಾರಿನ ಕೆಳಗಡೆ ಬೇರೆಯೇ ಜಾಗ ಕೊಡಿ. ಕಟ್ಟಿಗೆಗೆ ಹತ್ತಿದ ಗೆದ್ದಲು ಸಸಿಗೂ ಬರುತ್ತದೆ.

ಉಳಿದದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಕೆಲವೇ. ಮಣ್ಣು ತುಂಬಿದ 14x20 ಚೀಲ ಹತ್ತಿರ ಹತ್ತಿರ 20 ಕಿಲೋ ತೂಗುತ್ತದೆ, ಹಾಗಾಗಿ ಗಾಡಿ ದಾರಿ ದೊಡ್ಡ ಚೀಲದ ಸಾಲಿನ ಪಕ್ಕಕ್ಕೇ ಬರಲಿ. ಸಣ್ಣ ಚೀಲವನ್ನು ಟ್ರೇನಲ್ಲಿ ಹೊತ್ತು ತರಬಹುದು. ನೀರನ್ನೂ ಮೇ ಲೆಕ್ಕದಲ್ಲೇ ನೋಡಿ: ದೊಡ್ಡ ಚೀಲಕ್ಕೆ ದಿನಕ್ಕೆ 2 ಲೀಟರ್ ಹಿಡಿದರೂ 6,000ಕ್ಕೆ 12,000 ಲೀಟರ್. ಎತ್ತರದ ಕಟ್ಟಡವನ್ನು ಮಡಿಗಳ ದಕ್ಷಿಣಕ್ಕೆ ಕಟ್ಟಬೇಡಿ, ಡಿಸೆಂಬರ್, ಜನವರಿಯಲ್ಲಿ ಅದರ ನೆರಳು ಪೂರ್ತಿ ಸಸಿಗಳ ಮೇಲೆ ಬೀಳುತ್ತದೆ. ನರ್ಸರಿ ನೆಲಕ್ಕೆ ಪೇವರ್ ಹಾಕಬೇಡಿ.

ಹೆಣ್ಣುಮಕ್ಕಳಿಗೆ ಶೌಚಾಲಯ, ಕೈ ತೊಳೆಯುವ ನಲ್ಲಿ, ಬುತ್ತಿ ಬಿಚ್ಚಲು ನೆರಳಿರುವ ಕಟ್ಟೆ, ಇವು ಮೊದಲ ಹಂತದಲ್ಲೇ ಆಗಲಿ. ‘ಎರಡನೇ ಹಂತ’ ಅಂತ ಬರೆದರೆ ಅದು ಬರುವುದೇ ಇಲ್ಲ. ನಮ್ಮ ಯಾರ್ಡಿನಲ್ಲಿ ಬರಲಿಲ್ಲ. ಆಫೀಸಿಗೆ ಟೈಲ್ಸ್ ಬಂತು, ಅಕ್ಕಂದಿರು ಊಟಕ್ಕೆ ಹುಣಸೆಮರದ ಬೇರಿನ ಮೇಲೇ ಕೂತರು.

ಯಾವ ಸಲಹೆಗಾರರನ್ನು ತೆಗೆದುಕೊಳ್ಳಲಿ ಅಂತಲೂ ಕೇಳಿದ್ದೀರಿ. ಈಗಲೇ ಯಾರನ್ನೂ ಬೇಡ. ತಿಂಗಳ ಪಟ್ಟಿ ಕೈಗೆ ಬಂದ ಮೇಲೆ ಕರೆಯಿರಿ. ಮೇನಲ್ಲಿ ಒಂದು ವಾರ, ಆಗಸ್ಟಿನಲ್ಲಿ ಒಂದು ವಾರ ಯಾರ್ಡಿನಲ್ಲೇ ಇರಬೇಕು ಅಂತ ಕರಾರಿನಲ್ಲಿ ಬರೆಸಿ. ಮಾಲಿಗಳಿಗೆ ನಕ್ಷೆ ತೋರಿಸಿ ‘ಸರಿ ಇದೆಯಾ’ ಅಂತ ಕೇಳಬೇಡಿ, ‘ಹೂಂ’ ಅಂತಾರೆ. ನೆಲದ ಮೇಲೆ ಸುಣ್ಣದ ಗೆರೆ ಎಳೆದು, ‘ಇಲ್ಲಿಂದ ಇಲ್ಲಿಗೆ ಗೋಡೆ ಬರುತ್ತೆ, ಈಗ ಸಸಿ ಎಲ್ಲಿಡ್ತೀರಿ, ಹೇಗೆ ತಿರುಗಿಸ್ತೀರಿ, ಮಾಡಿ ತೋರಿಸಿ’ ಅನ್ನಿ. ನಾನು ಹಾಗೆ ಮಾಡಿದ್ದರೆ ಅರ್ಧ ಗಂಟೆಯಲ್ಲಿ ನನ್ನ ತಪ್ಪು ನನಗೇ ಕಾಣುತ್ತಿತ್ತು.

ನಮ್ಮ ಯಾರ್ಡಿನಲ್ಲಿ ಶೆಡ್ ಒಡೆಯಲು ಆಗಲಿಲ್ಲ. ಅಂಗಳದ ಪೇವರ್ ಕಿತ್ತು ಆರು ಮಡಿ ವಾಪಸ್ ಮಾಡಿಸಲು ನಾನು ಎರಡು ವರ್ಷ ಓಡಾಡಿದೆ. ಅಷ್ಟರಲ್ಲಿ ಅಜ್ಜ ನಿವೃತ್ತರಾಗಿದ್ದರು. ಮಡಿ ಸಿದ್ಧವಾದ ದಿನ ಅವರ ಮನೆಗೆ ಹೋಗಿ ಕರೆದುಕೊಂಡು ಬಂದೆ. ಒಂದು ಸುತ್ತು ಹಾಕಿ, ಕೊನೆಯ ಮಡಿಯ ಹತ್ತಿರ ನಿಂತು, ‘ಇದೊಂದು ಖಾಲಿ ಇರ್ಲಿ ಮೇಡಂ, ಯಾರಿಗೂ ಕೊಡಬೇಡಿ’ ಅಂದರು.

ನಿಮ್ಮ ರಿಜಿಸ್ಟರ್ ಸಿಕ್ಕರೆ ಮೇ ತಿಂಗಳ ಚೀಲಗಳ ಸಂಖ್ಯೆಯನ್ನು ಅಳತೆ ಸಮೇತ ಇಲ್ಲೇ ಬರೆಯಿರಿ. ಎಷ್ಟು ಚದರ ಮೀಟರ್ ಬೇಕು ಅನ್ನುವ ಲೆಕ್ಕ ನಾನು ಮಾಡಿಕೊಡುತ್ತೇನೆ.